ಅಂಬಾಸಿಡರ್‌ಗೆ ಕಾಯಿಲ್-ಓವರ್: ಸ್ಪ್ರಿಂಗ್ ಕೊಳ್ಳುವ ಮುಂಚೆ ತಗಡು ನೋಡಿ

ಪುಣೆಯಲ್ಲಿ ಹಳೆ ಅಂಬಾಸಿಡರ್ ಸಾಕಿಕೊಂಡಿರುವ ನಮ್ಮ ಕನ್ನಡದ ಮಂದಿಗೆ ಈಗ ಒಂದೇ ಹುಚ್ಚು: ಮುಂದಿನ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಕಿತ್ತು ಕಾಯಿಲ್-ಓವರ್ (ಶಾಕ್‌ನ ಸುತ್ತ ಸುರುಳಿ ಸ್ಪ್ರಿಂಗ್ ಇರುವ ಜೋಡಿ) ಹಾಕಿಸಬೇಕು. ಮೂತಿ ಕುಸಿದಿದೆ, ಸ್ಪೀಡ್ ಬ್ರೇಕರ್ ಮೇಲೆ ಧಡ್ ಅನ್ನುತ್ತದೆ ಎಂಬುದಷ್ಟೇ ದೂರಾದರೆ ಮೊದಲು ಬುಷ್, ಶಾಕ್ ಬದಲಿಸಿ ಬಾರ್‌ನ ಎತ್ತರ ಸರಿಮಾಡಿಸಿ. ಬಹಳಷ್ಟು ಗಾಡಿಗೆ ಅಷ್ಟೇ ಸಾಕು.

ಹಾಕಿಸಿಯೇ ಸಿದ್ಧ ಅನ್ನುವವರು ಒಂದು ವಿಷಯ ತಿಳಿದಿರಬೇಕು. ಟಾರ್ಶನ್ ಬಾರ್ ಗಾಡಿಯ ಭಾರವನ್ನು ಕೆಳಗೆ, ನೆಲದ ಅಡ್ಡಪಟ್ಟಿಗೆ ಒಯ್ಯುತ್ತದೆ. ಕಾಯಿಲ್-ಓವರ್ ಅದೇ ಭಾರವನ್ನು ಮೇಲೆ, ಮಡ್‌ಗಾರ್ಡ್‌ನ ಒಳತಗಡಿಗೆ ಹೊರಿಸುತ್ತದೆ. ಆ ತಗಡು ಹುಟ್ಟಿದಾಗಿನಿಂದ ಸ್ಪ್ರಿಂಗ್ ಭಾರ ಹೊತ್ತಿದ್ದೇ ಇಲ್ಲ.

ಎಷ್ಟು ಭಾರ? ಮುಂದಿನ ಒಂದು ಚಕ್ರದ ಮೇಲೆ 300 ಕಿಲೋ ಇದೆ ಅನ್ನಿ (ನಿಮ್ಮ ಗಾಡಿಯದನ್ನು ತೂಗಿಸಿಯೇ ತಿಳಿಯಿರಿ). ಚಕ್ರ, ಹಬ್, ಬ್ರೇಕ್ ಎಂದು 35 ಕಳೆದರೆ 265. ಲೋವರ್ ಆರ್ಮ್‌ನ (ಚಕ್ರ ಹಿಡಿದ ಕೆಳಗಿನ ತೋಳು) ಒಳ ಪಿವಟ್‌ನಿಂದ, ಅಂದರೆ ಅದು ತಿರುಗುವ ಕೀಲಿನಿಂದ, ಶಾಕ್ ಕೂರುವ ಜಾಗ, ಚಕ್ರದ ದೂರದ 0.6ರಷ್ಟಿದ್ದರೆ, ಸ್ಪ್ರಿಂಗ್ ಹೊರುವುದು 265 ಭಾಗಿಸು 0.6, ಅಂದರೆ ನಿಂತಲ್ಲೇ ಸುಮಾರು 440 ಕಿಲೋ. ಗುಂಡಿಗೆ ಬಿದ್ದಾಗ ಅದರ ಮೂರು ಪಟ್ಟು ಹಿಡಿದುಕೊಳ್ಳಿ. ಹತ್ತಿರ ಹತ್ತಿರ 1.3 ಟನ್! ಒಂದು ಮಿಲಿಮೀಟರ್ ತಗಡಿಗೆ ವಾಷರ್ ಇಟ್ಟು ಬೋಲ್ಟ್ ಬಿಗಿದರೆ ಅದು ಮೊದಲು ಉಬ್ಬುತ್ತದೆ, ಆಮೇಲೆ ಸೀಳುತ್ತದೆ.

ಆದ್ದರಿಂದ ಕಾಯಿಲ್-ಓವರ್‌ನ ಮೇಲ್ತುದಿ ಕೂರಲು 3 ಮಿ.ಮೀ. ಶೀಟಿನ ಗೋಪುರ ಕಟ್ಟಿಸಿ. ಅದರ ಕಾಲು ಕೆಳಗಿನ ರೇಲಿಗೂ (ಬಾಡಿಯ ಉದ್ದಪಟ್ಟಿ) ಬೆನ್ನು ಫೈರ್‌ವಾಲ್‌ಗೂ (ಎಂಜಿನ್ ಹಿಂದಿನ ಅಡ್ಡಗೋಡೆ) ವೆಲ್ಡ್ ಆಗಲಿ, ಎರಡು ಗೋಪುರಗಳ ನಡುವೆ ಗಟ್ಟಿ ಪೈಪಿನ ಅಡ್ಡಕಂಬಿ ಇರಲಿ. ವೆಲ್ಡ್‌ಗೆ ಮುಂಚೆ ಬ್ಯಾಟರಿ ವೈರ್ ಕಳಚಿ. ರೇಲಿಗೇ ತುಕ್ಕು ಹಿಡಿದಿದ್ದರೆ (ಗೋವಾದ ಕಡಲಗಾಳಿ ಕುಡಿದ ಗಾಡಿಯಲ್ಲಿ ಇದು ಸಾಮಾನ್ಯ) ಮೊದಲು ಅದರ ಕೆಲಸ, ಗೋಪುರ ಆಮೇಲೆ.

ಸ್ಪ್ರಿಂಗ್ ಲೆಕ್ಕದಲ್ಲಿ ಎಡವುವವರೇ ಜಾಸ್ತಿ. ಚಕ್ರಕ್ಕೆ ಸಿಗುವ ಬಿಗಿ (ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ), ಸ್ಪ್ರಿಂಗ್ ಬಿಗಿಯನ್ನು 0.6ರ ವರ್ಗದಿಂದ, ಅಂದರೆ 0.36ರಿಂದ, ಗುಣಿಸಿದಷ್ಟೇ. ಆರಾಮದ ಸವಾರಿಗೆ ಸೆಕೆಂಡಿಗೆ 1.3 ಕುಲುಕು ಎಂದಿಟ್ಟರೆ ಚಕ್ರದಲ್ಲಿ ಮಿ.ಮೀ.ಗೆ 17.7 ನ್ಯೂಟನ್ ಬೇಕು. ಸ್ಪ್ರಿಂಗ್ ಆಗ ಮಿ.ಮೀ.ಗೆ 49 ನ್ಯೂಟನ್, ಅಂಗಡಿಯವರ ಭಾಷೆಯಲ್ಲಿ ಇಂಚಿಗೆ 280 ಪೌಂಡ್. ಶಾಕ್ ಓರೆಯಾದಷ್ಟೂ ಚಕ್ರದ ಬಿಗಿ ಸೋರುತ್ತದೆ: 30 ಡಿಗ್ರಿ ವಾಲಿದರೆ ಕಾಲು ಭಾಗ ಹೋಯಿತು.

ಇನ್ನು ಉದ್ದ. ಈ ಸ್ಪ್ರಿಂಗ್ ನಿಂತಲ್ಲೇ 88 ಮಿ.ಮೀ. ಕುಗ್ಗಿರುತ್ತದೆ. ಚಕ್ರ 75 ಮಿ.ಮೀ. ಮೇಲೆದ್ದರೆ ಇನ್ನೂ 45, ಒಟ್ಟು 133. ಅಂದಕ್ಕೆಂದು 8 ಇಂಚಿನದು ಕೊಂಡರೆ ಸುರುಳಿಗೆ ಸುರುಳಿ ಕಚ್ಚಿ ಏಟೆಲ್ಲ ಗೋಪುರಕ್ಕೇ ಬೀಳುವ ಭಯ. 10 ಇಂಚಿನದು ನೋಡಿ, ಪೂರ್ತಿ ಅದುಮಿದಾಗಿನ ಎತ್ತರವನ್ನೂ ಕೇಳಿ.

ಬಾರ್ ಕಳಚುವಾಗ ಅವಸರ ಬೇಡ. ಅದರೊಳಗೆ ತಿರುಚಿದ ಶಕ್ತಿ ತುಂಬಿರುತ್ತದೆ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆರ್ಮ್ ಕೆಳಗೆ ಟ್ರಾಲಿ ಜಾಕ್ ಕೊಟ್ಟು ನಿಧಾನವಾಗಿ ಇಳಿಸಿ. ಎಡಬಲ ಗುರುತು ಹಾಕಿಡಿ, ಮುಂದೆಂದಾದರೂ ಬೇಕಾದೀತು. ಬಾರ್ ಹೋದ ಮೇಲೆ ಆರ್ಮ್‌ನ ಒಳ ಪಿವಟ್‌ನಲ್ಲಿ ಆಟ ಇದೆಯೇ, ಮುಂದಿನ ಟೈ ರಾಡ್ ಬುಷ್ ಗಟ್ಟಿಯಿದೆಯೇ ನೋಡಿ. ಕಾಯಿಲ್-ಓವರ್‌ನ ಕೆಳಗಿನ ಬೋಲ್ಟ್ ಎರಡೂ ಬದಿ ತಟ್ಟೆಯ ನಡುವೆ ಕೂರಬೇಕು, ಒಂದೇ ಬದಿ ನೇತಾಡಿದರೆ ಬಾಗುತ್ತದೆ. ಹಳೆಯ ಬಂಪ್ ರಬ್ಬರ್ ತೆಗೆಯಬೇಡಿ. ಸ್ಪ್ರಿಂಗ್ ಹಾಕದೆ ಚಕ್ರವನ್ನು ಮೇಲೆ ಕೆಳಗೆ ಆಡಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯದಂತೆ, ಉಜ್ಜದಂತೆ ನೋಡಿ.

ಕಾಗದಪತ್ರದ ಮಾತು. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ ಸೆಕ್ಷನ್ 52 ತಡೆಯುತ್ತದೆ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ 182ಎ ಅಡಿ ತಲಾ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್‌ಟಿಒದಲ್ಲಿ ಮೊದಲೇ ಕೇಳಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ‘ವಿಎ’ ವಿಂಟೇಜ್ ನಂಬರ್ ಬೇಕೆಂದಿದ್ದರೆ ಗೋಪುರದ ವೆಲ್ಡಿಂಗ್ ಕನಸು ಬಿಡಿ. ಅಲ್ಲಿ ಚಾಸಿ, ಬಾಡಿ ಮುಟ್ಟಿರಬಾರದು.

ರಬ್ಬರ್ ಬುಷ್‌ನ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆಯ ಬಿಗಿ ಬಿಗಿಯಿರಿ. 200 ಕಿ.ಮೀ. ಓಡಿಸಿ ಸ್ಪ್ರಿಂಗ್ ಕುಳಿತ ಮೇಲೆ ಅಲೈನ್‌ಮೆಂಟ್ ಮಾಡಿಸಿ, ವೆಲ್ಡ್ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಪುಣೆ ಬಳಿಯ ಕಾತ್ರಜ್ ಘಾಟು ಹತ್ತಿಸುವುದು ಅದಾದ ಮೇಲೆ.