ಫ್ರಿಜ್ಜಿಗೆ ಅಂಟಿಸಿದ ಕಾಗದ

ಅತ್ತಿಗೆಗೆ 52. ಇಂಗ್ಲೆಂಡಿಗೆ ಬಂದು ಹತ್ತು ವರ್ಷ ಆಯ್ತು. ಮ್ಯಾಮೊಗ್ರಾಮಿಗೆ, ಅಂದರೆ ಸ್ತನ ಕ್ಯಾನ್ಸರ್ ಇದೆಯಾ ಅಂತ ನೋಡುವ ಎದೆಯ ಎಕ್ಸ್‌ರೇಗೆ, ಬನ್ನಿ ಅಂತ ಅವರ ಹೆಸರಿಗೆ ಕಾಗದ ಬಂದಾಗ ಅಣ್ಣ ಕೆಲಸಕ್ಕೆ ಹೋಗಿದ್ದ. "ಏನಂತ ಓದಿ ಹೇಳಪ್ಪ" ಅಂತ ನನ್ನ ಕೈಗೆ ಕೊಟ್ಟರು. ಓದಿದೆ. ಗಂಟಲು ಸರಿಮಾಡಿಕೊಂಡು, "ಏನೋ ಚೆಕಪ್ ಅಂತೆ ಅತ್ತಿಗೆ" ಅಂದೆ. "ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ" ಅಂದರು. ಕಾಗದ ಫ್ರಿಜ್ಜಿನ ಬಾಗಿಲು ಸೇರಿತು. ಹೋಗಬೇಕಿದ್ದ ದಿನ ಬಂತು, ಹೋಯ್ತು.

ಇಲ್ಲಿ 50ರಿಂದ 71 ವರ್ಷದವರೆಗೆ ಹೆಂಗಸರನ್ನು ಮೂರು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕರೆಯುತ್ತದೆ. ಕಾಸು ಕೊಡಬೇಕಿಲ್ಲ. ಆದರೂ ದಕ್ಷಿಣ ಏಷ್ಯಾದ ಹೆಂಗಸರು ಹೋಗುವುದು ಕಡಿಮೆ. ಸಂಕೋಚ, ಭಯ ಅಂತ ಅವರ ಮೇಲೇ ಹಾಕಿಬಿಡುತ್ತೇವೆ. ನಮ್ಮನೆಯಲ್ಲಿ ಸಂಕೋಚಪಟ್ಟಿದ್ದು ನಾನು! ದುಭಾಷಿಯನ್ನು ಪುಕ್ಕಟೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ಕೇಳೋಕೂ ಇಂಗ್ಲಿಷ್ ಬೇಕಲ್ವಾ?

ಭಾರತದಲ್ಲಿ ಹೀಗೆ ಮನೆಗೆ ಕಾಗದ ಬರುವ ಪದ್ಧತಿ ಇಲ್ಲ. ಅದನ್ನೇ ಹಿಡಿದುಕೊಂಡು ಅಲ್ಲಿಯದನ್ನು ಹಳಿಯುವುದು ಸುಲಭ. ಆದರೆ ಮುಂಬೈಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು ಮಾಡಿದ್ದು ನೋಡಿ. ಒಂದೂವರೆ ಲಕ್ಷ ಹೆಂಗಸರು, 20 ವರ್ಷದ ಅಧ್ಯಯನ. ಮ್ಯಾಮೊಗ್ರಾಮ್ ಯಂತ್ರವೇ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಅವರಲ್ಲಿ ಅರ್ಧದಷ್ಟು ಮಂದಿಯ ಎದೆ ಕೈಯಿಂದಲೇ ಮುಟ್ಟಿ ನೋಡಿದರು, ಕಾಯಿಲೆ ಬಗ್ಗೆ ತಿಳಿಸಿ ಹೇಳಿದರು. 2021ರಲ್ಲಿ ಫಲಿತಾಂಶ ಬಂತು: ಹೀಗೆ ನೋಡಿದ 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಉಳಿದರ್ಧದವರಿಗಿಂತ ಸುಮಾರು ಶೇ 30 ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ನನಗೆ ಹಿಡಿಸಿದ್ದು ಎದುರು ಕೂತು ಮಾತಾಡುವ ಆ ಹೆಂಗಸು. ಇಲ್ಲಿ ಯಂತ್ರ ಇದೆ, ಅವಳಿಲ್ಲ.

ಇನ್ನೊಂದು ತಪ್ಪು ಲೆಕ್ಕ ನಮ್ಮವರಲ್ಲಿದೆ. ಕಾಗದ ಬರೋದು 50ಕ್ಕೆ, ಹಾಗಾದರೆ ಕಾಯಿಲೆಯೂ ಆಮೇಲೇ ಅಂತ. ಭಾರತದಲ್ಲಿ ನಲವತ್ತರ ಆಸುಪಾಸಿನವರಲ್ಲೂ ಇದು ಬೇಕಾದಷ್ಟು ಕಾಣುತ್ತದೆ. ಗಂಟು ಕೈಗೆ ಸಿಕ್ಕಿದರೆ, ನೋವಿಲ್ಲದಿದ್ದರೂ, ವಯಸ್ಸು ಎಷ್ಟೇ ಇರಲಿ, ಕಾಗದಕ್ಕೆ ಕಾಯದೆ ಜಿಪಿ, ಅಂದರೆ ನಮ್ಮ ಮಾಮೂಲಿ ಡಾಕ್ಟರ್, ಹತ್ತಿರ ಹೋಗಬೇಕು.

ಕೊನೆಗೆ ನನ್ನ ಹೆಂಡತಿ ಆ ಕಾಗದ ಕಿತ್ತು ಅತ್ತಿಗೆ ಪಕ್ಕ ಕೂತಳು. ಎರಡೇ ನಿಮಿಷ. ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: "ಗಂಡಸರು ಇರ್ತಾರಾ?"

"ಇಲ್ಲ ಅಕ್ಕ, ಎಕ್ಸ್‌ರೇ ತೆಗೆಯೋದು ಹೆಂಗಸರೇ."

ಅತ್ತಿಗೆ ನನ್ನ ಕಡೆ ತಿರುಗಿದರು. "ಇಷ್ಟು ಹೇಳೋಕೆ ನಿಂಗೇನಾಗಿತ್ತು?"

ಫೋನ್ ಮಾಡಿದೆವು. ಬೇರೆ ದಿನ ಕೊಟ್ಟರು.