ಬೋರ್ಡಿನ ಬಾಲ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಲೆ ಎತ್ತಿ ನಡೆದರೆ ಅಂಗಡಿಗಳ ಹೆಸರಿಗಿಂತ ಆ ಹೆಸರಿನ ಬಾಲಗಳೇ ಮಜಾ ಕೊಡುತ್ತವೆ. ಟ್ರೇಡರ್ಸ್, ಏಜೆನ್ಸೀಸ್, ಎಂಟರ್‌ಪ್ರೈಸಸ್, ಅಂಡ್ ಸನ್ಸ್, ಅಂಡ್ ಕಂಪನಿ. ಒಳಗೆ ಇಣುಕಿದರೆ ಎಲ್ಲ ಕಡೆಯೂ ಅದೇ ಬಕೆಟ್ಟು, ಅದೇ ಹಗ್ಗ, ಅದೇ ಟಾರ್ಪಾಲು. ಒಬ್ಬರೇ ನಡೆಸುವ ಅಂಗಡಿಗೂ ಎಂಟರ್‌ಪ್ರೈಸಸ್ ಅಂತ ಬರೆಸಬಹುದು, ಕಾನೂನೇನೂ ಕೇಳುವುದಿಲ್ಲ. 'ಅಂಡ್ ಕಂಪನಿ' ಅಂತ ಬರೆಸಿದ ಮಾತ್ರಕ್ಕೆ ಅದು ಕಂಪನಿಯೂ ಆಗುವುದಿಲ್ಲ. ಅಡಿಕೆಯನ್ನು ಬೆರಳಲ್ಲಿ ತಿರುಗಿಸಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ಹೇಳುವ ಊರು ನಮ್ಮದು. ಬೋರ್ಡು ಬರೆಸುವಾಗ ಮಾತ್ರ ಪೇಂಟರ್ ಹೇಳಿದ್ದೇ ಗ್ರೇಡು!

ಹಾಗಂತ ಎಲ್ಲ ಬಾಲವೂ ಸುಮ್ನೆ ಅಂಟಿಸಿದ್ದಲ್ಲ. ಫರ್ಮ್ ಅನ್ನುವುದಕ್ಕೆ 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಖಚಿತ ಅರ್ಥವಿದೆ. ಪಾಲುದಾರರನ್ನೆಲ್ಲ ಸೇರಿಸಿ ಕರೆಯುವ ಹೆಸರು ಅದು. ಭಾವ, ಭಾವಮೈದ ಸೇರಿ ಕಾಳುಮೆಣಸಿನ ವ್ಯಾಪಾರ ಶುರು ಮಾಡಿದರು ಅಂದುಕೊಳ್ಳಿ. ಭಾವಮೈದ ಫರ್ಮಿನ ಹೆಸರಲ್ಲಿ ಸಾಲ ಮಾಡಿದರೆ ಭಾವನೂ ಹೊಣೆ. ಫರ್ಮಿನ ಗಲ್ಲಾ ಖಾಲಿಯಾದರೆ ಸಾಲ ಕೊಟ್ಟವರು ಭಾವನ ತೋಟದವರೆಗೂ ಬರಬಹುದು. ಅದೇ ಪ್ರೈವೇಟ್ ಲಿಮಿಟೆಡ್ ಆದರೆ ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ಒಬ್ಬ ಆಸಾಮಿ. ಅದರ ಸಾಲ ಅದಕ್ಕೆ. ಇವರಿಬ್ಬರು ಷೇರಿಗೆ ಹಾಕಿದ ದುಡ್ಡು ಮುಳುಗೀತು, ತೋಟ ಉಳಿದೀತು. ಲಿಮಿಟೆಡ್ ಆಗಿರುವುದು ಆ ಹೊಣೆ. ವ್ಯಾಪಾರ ಎಷ್ಟು ದೊಡ್ಡದು ಅನ್ನುವುದಕ್ಕೂ ಆ ಪದಕ್ಕೂ ಸಂಬಂಧವಿಲ್ಲ. ಬ್ಯಾಂಕಿನವರು ಬುದ್ಧಿವಂತರು, ಸಣ್ಣ ಕಂಪನಿಗೆ ಸಾಲ ಕೊಡುವ ಮುಂಚೆ ಡೈರೆಕ್ಟರುಗಳ ಸ್ವಂತ ಗ್ಯಾರಂಟಿಗೂ ಸಹಿ ಹಾಕಿಸಿಕೊಳ್ಳುತ್ತಾರೆ. ತೋಟ ಮತ್ತೆ ಬಲೆಗೆ ಬಿತ್ತು, ಅಲ್ವಾ? 2008ರ ಕಾಯ್ದೆಯಿಂದ ಎಲ್‌ಎಲ್‌ಪಿ (ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್) ಅಂತ ಒಂದು ಬಂದಿದೆ. ನಡೆಸುವ ರೀತಿ ಪಾಲುದಾರಿಕೆಯದು, ರಕ್ಷಣೆ ಕಂಪನಿಯದು.

ಕಾರ್ಪೊರೇಷನ್ ಅಂದರೆ ಅಮೆರಿಕದವರಿಗೆ ಕಂಪನಿ. ನಮಗೆ ಮನೆ ಕಂದಾಯ, ಬೀದಿ ದೀಪ, ಚರಂಡಿ.

ನನಗೆ ಇಷ್ಟವಾದ ಬಾಲ ಸೊಸೈಟಿ. ಅಡಿಕೆ ಮಾರಾಟದ ಸಹಕಾರ ಸಂಘವಾದ ನಮ್ಮ ಮಾಮ್ಕೋಸ್ 1939ರದ್ದು, ಅಡಿಕೆ ಬೆಳೆಗಾರರೇ ಅದರ ಸದಸ್ಯರು. ಕಂಪನಿಯಲ್ಲಿ ಷೇರು ಜಾಸ್ತಿ ಇದ್ದವರ ಮಾತು ಜಾಸ್ತಿ ನಡೆಯುತ್ತದೆ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ವೋಟು. ಹತ್ತು ಎಕರೆಯವನಿಗೂ ಅಷ್ಟೇ, ಅರ್ಧ ಎಕರೆಯವನಿಗೂ ಅಷ್ಟೇ. ಸಂಘಗಳ ಚುನಾವಣೆ ಬಂತೆಂದರೆ ಅರ್ಧ ಎಕರೆಯವರ ಅಂಗಳಕ್ಕೂ ಅಭ್ಯರ್ಥಿಗಳು ಬಂದು, ಕೊಳೆರೋಗದ ಬಗ್ಗೆ ವಿಚಾರಿಸಿ, ಕಾಫಿ ಕುಡಿದು ಹೋಗುತ್ತಾರೆ.