ತಿಂಡಿ ಎಂದರೆ ಅಕ್ಕಿ, ರವೆ ಇಷ್ಟೇ ಏಕೆ?

ಕಾರ್ಬೋಹೈಡ್ರೇಟ್ (ರಕ್ತದ ಸಕ್ಕರೆ ಏರಿಸುವ ಪಿಷ್ಟ, ಸಕ್ಕರೆಯ ಅಂಶ) ಕಡಿಮೆ ಮಾಡಿದವರು ಬೆಳಗ್ಗೆ ದರ್ಶಿನಿಗೆ ಹೋಗಿ ತಿನ್ನುವುದಾದರೂ ಏನನ್ನು? ಇಡ್ಲಿ, ದೋಸೆ, ಪೊಂಗಲ್, ಚಿತ್ರಾನ್ನ, ಖಾರಾಬಾತ್: ಎಲ್ಲವೂ ಅಕ್ಕಿ, ಇಲ್ಲವೇ ರವೆ. ಉದ್ದಿನವಡೆ ಕೊಂಚ ವಾಸಿ, ಆದರೆ ದಿನವೂ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನಲಾಗುತ್ತದೆಯೇ?

ನನಗೆ ನಿಜಕ್ಕೂ ಸಿಟ್ಟು ಬರುವುದು ‘ರಾಗಿ ತಿನ್ನಿ, ಸಕ್ಕರೆ ಏರುವುದೇ ಇಲ್ಲ’ ಎನ್ನುವವರ ಮೇಲೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೇರಳವಾಗಿವೆ, ಒಪ್ಪುತ್ತೇನೆ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ! ಸಕ್ಕರೆ ಕಾಯಿಲೆಯವರಿಗೆ ಹೀಗೆ ಸುಳ್ಳು ಧೈರ್ಯ ಹೇಳುವುದು ಅನ್ಯಾಯ. ಅವಲಕ್ಕಿಯನ್ನು ‘ಹಗುರ’ ಎನ್ನುತ್ತಾರೆ, ಅದೂ ಅಕ್ಕಿಯೇ ತಾನೇ?

ದರ್ಶಿನಿ ಹೋಟೆಲಿನವರೇ, ಹಬ್ಬಕ್ಕೆ ಮಾಡುವ ಕಡಲೆಕಾಳಿನ ಉಸಲಿ, ಮೊಳಕೆ ಹೆಸರುಕಾಳಿನ ಕೋಸಂಬರಿ, ಪನೀರ್ ಪಲ್ಯ ಇವುಗಳಲ್ಲಿ ಒಂದನ್ನಾದರೂ ದಿನವೂ ಮಾಡಿಡಿ. ಹಣ ಕೊಟ್ಟು ತಿನ್ನಲು ನಾವು ಸಿದ್ಧರಿದ್ದೇವೆ.